ಉಸಿರುಕೊಳವೆಯೊಳಗಿನ ರಾಳ

1910, ಅಕ್ಟೋಬರ್ 11, ಮಂಗಳವಾರ. ಸ್ಯುರೆನ್

ಯಜಮಾನರು ನಮಗೆಲ್ಲ ಒಂದೊಂದು ನೋಟ್‌ಬುಕ್ಕು ಕೊಟ್ಟಿದ್ದಾರೆ, ಪರೀಕ್ಷೆಯ ವಿವರ ಬರೆಯುವುದಕ್ಕೆ. ಮುಂದುಗಡೆಯಿಂದ ಅವರ ವಿವರ, ಹಿಂದುಗಡೆಯಿಂದ ನನ್ನ ಪುರಾಣ. ನಾಲ್ಕೇ ವರ್ಷ ಶಾಲೆಗೆ ಹೋದವನಾದರೂ ನನ್ನ ಅಕ್ಷರ ಕಂಡು ಮೇಷ್ಟ್ರೇ ಹೊಟ್ಟೆಕಿಚ್ಚು ಪಡುತ್ತಿದ್ದರು. ಆ ಕಿಚ್ಚಿನಲ್ಲಿ ನನ್ನ ಕಿವಿ ಹಿಂಡಿ ಹಿಂಡಿ ಉದ್ದ ಮಾಡಿದರು, ಅದು ಬೇರೆ ಮಾತು.

ವಿಷಯ ಇಷ್ಟು. ಬ್ರಿಕಾರ್ ಯಜಮಾನರ ವಿಮಾನದ ಎಂಜಿನ್ನಿಗೆ ಉಸಿರು ಸಾಲದು. ಕಾರ್ಬುರೇಟರಿನಿಂದ ನಾಲ್ಕು ಸಿಲಿಂಡರಿಗೆ ಗಾಳಿಯನ್ನೂ ಪೆಟ್ರೋಲನ್ನೂ ಒಯ್ಯುವ ಕೊಳವೆ ಇದೆಯಲ್ಲ, ನಾವು ಉಸಿರುಕೊಳವೆ ಅನ್ನುವುದು, ಅದು ಮೂಲೆಮೂಲೆಯಾಗಿ ಚರಂಡಿಗೆ ಹಾಕಿದ ಹಾಗಿದೆ. ಹೊಸದು ಬೇಕು. ಎರಡು ನಮೂನೆ ಪರೀಕ್ಷೆಗೆ ಬರುತ್ತವೆ. ಗೆದ್ದದ್ದನ್ನು ವಿಮಾನಕ್ಕೆ ಹಾಕಿ ಡಿಸೆಂಬರ್ ಹದಿನಾಲ್ಕಕ್ಕೆ ಸೇನೆಯ ಅಧಿಕಾರಿಗಳ ಮುಂದೆ ನದಿಯ ಮೇಲೆ, ಊರಿನ ಮೇಲೆ ಹಾರಿಸಬೇಕು. ಹಾರಿಸುವವನು ನನ್ನ ಅಕ್ಕ ರೊಜಾಲಿಯ ಮಗ ಆನ್ಸೆಲ್ಮ್. ಅವನನ್ನು ಹಳ್ಳಿಯಿಂದ ಇಲ್ಲಿಗೆ ಕರೆತಂದವನು ಯಾರು? ಈ ಫಿರ್ಮೆನ್ ಕೊಜೋಲ್. ಇದನ್ನು ನಾನು ದಿನಕ್ಕೆ ಒಂದು ಸಲವಾದರೂ ಯಾರಿಗಾದರೂ ಹೇಳುತ್ತೇನೆ.

ಒಂದು ನಮೂನೆ ನನ್ನದು. ಬ್ರಾಂದಿ ಭಟ್ಟಿಗೆ ಹಂಸದ ಕತ್ತಿನಂಥ ಕೊಳವೆ ಬಗ್ಗಿಸಿ ಬಗ್ಗಿಸಿ ಪಳಗಿದ ಕೈ ಇದು. ಭಟ್ಟಿಯ ಆವಿ ಯಾವ ತಿರುವಿನಲ್ಲಿ ಜಾರುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಅಂತ ನಮ್ಮ ಹಳ್ಳಿ ಡ್ಯುರ್ಫೋರಿನ ತಾಮ್ರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು ಎಬರ್ಲೆಯದು. ಅಲ್ಸಾಸ್ ಕಡೆಯವನು, ಓದಿದವನು, ಮಾತಾಡಿದರೆ ನಮ್ಮ ಹಳೆಯ ಶತ್ರು ಪ್ರಶ್ಯದವನಂತೆ ಕೇಳುತ್ತಾನೆ. ನಾವು ಅವನನ್ನು ಅವನ ಕಡೆಯವರ ಊಟದ ಹೆಸರಿನಿಂದ ಹುಳಿ ಎಲೆಕೋಸು ಅನ್ನುತ್ತೇವೆ. ಹೆಸರಿಟ್ಟವನು ನಾನೇ. ಅವನ ಕೊಳವೆಗೆ ಎರಡು ಗೋಡೆ, ಗೋಡೆಗಳ ನಡುವೆ ಎಂಜಿನ್ನಿನ ಬಿಸಿನೀರು ಹರಿಯಬೇಕಂತೆ.

"ಮೇಲೆ ತಂಡಿ ಇರುತ್ತೆ. ಪೆಟ್ರೋಲು ಆವಿಯಾಗೋವಾಗ ಕೊಳವೆ ಇನ್ನೂ ತಣ್ಣಗಾಗುತ್ತೆ. ಒಳಗೆ ಮಂಜುಗಡ್ಡೆ ಕಟ್ಟಿ ಉಸಿರು ಮುಚ್ಚುತ್ತೆ," ಅಂತ ಯಜಮಾನರಿಗೆ ವಿವರಿಸಿದ.

"ಹಂಗಾದ್ರೆ ನನ್ನ ಕೊಳವೆಗೆ ಒಂದು ಉಣ್ಣೆ ಕಾಲುಚೀಲ ಹೆಣೆದು ಕಳಿಸು ಅಂತ ನಮ್ಮಕ್ಕಂಗೆ ಕಾಗದ ಬರೀಲಾ?" ಅಂದೆ.

ಕಾರ್ಖಾನೆಯೇ ನಕ್ಕಿತು. ಆನ್ಸೆಲ್ಮ್ ಕಣ್ಣೊರೆಸಿಕೊಂಡು, "ಮಾವ, ಎರಡು ಹೆಣೆಸು, ಒಂದು ನಂಗೂ ಆಗುತ್ತೆ," ಅಂದ. ಎಲೆಕೋಸು ಮಾತ್ರ ತನ್ನ ಹಾಳೆ ಮಡಿಸಿಕೊಂಡು ಕೂತ.

ಅಕ್ಟೋಬರ್ 15, ಶನಿವಾರ

ಎರಡೂ ಕೊಳವೆ ಬಗ್ಗಿಸುವ ಕೆಲಸ ನನಗೇ ಬಂತು. ತಾಮ್ರ ಬಗ್ಗಿಸಲು ಇಲ್ಲಿ ಬೇರೆ ಯಾರಿಗೆ ಬರುತ್ತದೆ?

ಬರಿಯ ಕೊಳವೆ ಬಗ್ಗಿಸಿದರೆ ಮಡಿಕೆ ಬಿದ್ದು ಹೊಟ್ಟೆ ಒಳಕ್ಕೆ ಹೋಗುತ್ತದೆ. ಅದಕ್ಕೇ ಪೈನ್ ಮರದ ರಾಳ ಕರಗಿಸಿ ಒಳಗೆ ತುಂಬಿ, ಆರಿ ಗಟ್ಟಿಯಾದ ಮೇಲೆ ಬಗ್ಗಿಸುವುದು. ಆಮೇಲೆ ಕಾಯಿಸಿ ರಾಳ ಸುರಿದುಬಿಡುವುದು. ಕೊನೆಗೆ ನಮ್ಮ ಊರಿನ ಕಟ್ಟಳೆ: ಕೊಳವೆಯ ಒಂದು ಬಾಯಲ್ಲಿ ಮರದ ಗುಂಡು ಬಿಟ್ಟು ಇನ್ನೊಂದು ಬಾಯಲ್ಲಿ ಹಿಡಿಯಬೇಕು. ಗುಂಡು ಉರುಳಿ ಬಂದರೆ ಕೊಳವೆ ಚೊಕ್ಕಟ. ಉರುಳಿಸದೆ ಕೊಟ್ಟವನ ಮನೆಗೆ ನಮ್ಮೂರಲ್ಲಿ ಹೆಣ್ಣು ಕೊಡುವುದಿಲ್ಲ.

ನನ್ನ ಹಂಸದ ಕತ್ತಿಗೆ ಮೂರು ಸಲ ಉರುಳಿಸಿದೆ, ಎಲ್ಲರ ಮುಂದೆ. ಚಪ್ಪಾಳೆ ಬಿತ್ತು.

ಎಲೆಕೋಸಿನದು ಕಿರಿಕಿರಿ. ಒಳಗೋಡೆ, ಹೊರಗೋಡೆ, ಸುತ್ತ ಬೆಸುಗೆ. ಮಧ್ಯಾಹ್ನದ ಊಟಕ್ಕೆ ಒಂದು ಲೀಟರ್ ಕೆಂಪು ದ್ರಾಕ್ಷಾರಸ ಇಳಿಸಿದ್ದೆ, ಶನಿವಾರ ಬೇರೆ. ಕಾಯಿಸಿ ರಾಳ ಸುರಿದೆ. ಗುಂಡು ಉರುಳಿಸಲಿಲ್ಲ. ಅವನ ಕೊಳವೆಗೇಕೆ ಅಷ್ಟೆಲ್ಲ ಉಪಚಾರ?

ಹೋಗುವಾಗ ಅವನ ಕೋಟಿನ ಜೇಬಿಗೆ ಒಂದು ಉಪ್ಪುಮೀನು ಇಟ್ಟು ಬಂದೆ. ಸೋಮವಾರದ ಹೊತ್ತಿಗೆ ನಾತ ಚೆನ್ನಾಗಿ ಹಿಡಿದಿರುತ್ತದೆ.

ಅಕ್ಟೋಬರ್ 18, ಮಂಗಳವಾರ

ಗೆದ್ದೆ! ಗೆದ್ದೆ! ಗೆದ್ದೆ!

ಎಂಜಿನ್ನನ್ನು ಕಟ್ಟೆಯ ಮೇಲೆ ಬಿಗಿದು ಹಲಗೆಯ ಬೀಸಣಿಗೆ ತಿರುಗಿಸುತ್ತೇವೆ. ಯಾವ ಕೊಳವೆಗೆ ಹೆಚ್ಚು ಸುತ್ತು ಬರುತ್ತದೋ ಅದು ಗೆದ್ದ ಹಾಗೆ. ಮೊದಲು ನನ್ನದು. ನಿಮಿಷಕ್ಕೆ ಸಾವಿರದ ನೂರಾ ಐವತ್ತೈದು ಸುತ್ತು, ಅರ್ಧ ಗಂಟೆ, ಒಂದು ಕೆಮ್ಮಿಲ್ಲ, ಸೀನಿಲ್ಲ. ಕೊಳವೆ ನಡುನಡುವೆ ಬೆವರುತ್ತಿತ್ತು. ನಾನು ತೋಳಿನಿಂದ ಉಜ್ಜಿ ಉಜ್ಜಿ ಹೊಳಪು ಕೊಟ್ಟೆ. ನಾನಿರುವ ಕಡೆ ತಾಮ್ರ ಮಂಕಾಗಿ ಕಾಣಬಾರದು.

ಆಮೇಲೆ ಎಲೆಕೋಸಿನದು. ಸಾವಿರದ ಅರವತ್ತಕ್ಕೆ ಏರಿ ಅಲ್ಲೇ ಮುಕ್ಕಿರಿಯಿತು. ಬಿಸಿನೀರು ಹರಿದ ಮೇಲೆ ನೀಲಿ ಹೊಗೆ, ಕೆಮ್ಮು. ಹತ್ತು ನಿಮಿಷಕ್ಕೆ ವಾಲ್ವು ಅಂಟಿಕೊಂಡಿತು.

ಎಲ್ಲರಿಗೂ ಎಂಜಿನ್ನಿಗೆ ಹಾಕುವ ಹರಳೆಣ್ಣೆ ಸುಟ್ಟ ವಾಸನೆ. ನನಗೆ ಬೇರೆ ವಾಸನೆ ಬಂತು. ಅಪ್ಪನ ಕಮ್ಮಟದಲ್ಲಿ ಹುಟ್ಟಿ ಬೆಳೆದವನಿಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೇ?

ಬಂದರೆ ಬರಲಿ. ಮೂಗು ಹತ್ತು ಹೇಳುತ್ತದೆ.

"ಹಳ್ಳಿ ಕೈ ಗೆದ್ದಿತು ಕಣಯ್ಯಾ!" ಅಂತ ಯಜಮಾನರು ಬೆನ್ನು ತಟ್ಟಿದರು. ಆನ್ಸೆಲ್ಮ್ ನನ್ನನ್ನು ಎತ್ತಿ ಸುತ್ತು ಹಾಕಿಸಿದ. "ಮಾವ, ಇನ್ನು ನಿನ್ನ ಹಿಡಿಯೋರು ಯಾರೂ ಇಲ್ಲ. ತಲೆ ಊದಿರುತ್ತೆ, ಟೋಪಿ ಒಂದು ನಂಬರ್ ದೊಡ್ಡದು ತಗೋಬೇಕು!"

ಅಕ್ಟೋಬರ್ 19, ಬುಧವಾರ

ಎಲೆಕೋಸು ನನ್ನ ಮೇಜಿನ ಹತ್ತಿರ ಬಂದು ಟೋಪಿ ತೆಗೆದು ನಿಂತ.

"ಕೊಜೋಲ್ ಅವರೇ, ತಪ್ಪು ತಿಳೀಬೇಡಿ. ನನ್ನ ಕೊಳವೆಗೆ ಗುಂಡು ಉರುಳಿಸಿದ್ರಾ?"

"ಉರುಳಿಸದೆ ಮತ್ತೆ? ಎರಡು ಸಲ!"

ಅವನು ಕೆಂಪಾದ. "ಕ್ಷಮಿಸಿ. ನಿಮ್ಮಂಥ ಕೆಲಸಗಾರರನ್ನ ಹಾಗೆ ಕೇಳಬಾರದಿತ್ತು. ನನ್ನ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ."

ಬಯ್ದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇರುತ್ತದೆ.

ಅಕ್ಟೋಬರ್ 30, ಭಾನುವಾರ

ಹತ್ತು ದಿನ ಏನೂ ಬರೆಯಲಿಲ್ಲ. ಬೇಕಾದಷ್ಟು ಕೆಲಸ ಇತ್ತು ಅಂತಿಟ್ಟುಕೊಳ್ಳೋಣ.

ಯಜಮಾನರು ಎಬರ್ಲೆಯನ್ನು ನಕ್ಷೆಯ ಕೋಣೆಯಿಂದ ಇಳಿಸಿ ಎರಕದ ತುಂಡುಗಳಿಗೆ ಅರ ಹಾಕಲು ಹಚ್ಚಿದ್ದಾರೆ. ಕೈಗೆ ಬೊಕ್ಕೆ ಎದ್ದಿವೆ. ಊಟದ ಹೊತ್ತಿನಲ್ಲಿ ಮೂಲೆಯಲ್ಲಿ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಾನೆ. ನಿನ್ನೆ ಆ ಹಾಳೆಗಳನ್ನೆಲ್ಲ ಹರಿದು ಒಲೆಗೆ ಹಾಕಿದ. ನಾನು ನೋಡುತ್ತ ನಿಂತಿದ್ದೆ.

"ಒಲೆ ಹತ್ತಿಸೋಕೆ ಮರದ ಪುಡಿ ಇದೆಯಲ್ಲ, ಅದನ್ನ ಹಾಕಬಾರದಾ?" ಅಂದೆ, ತಮಾಷೆಗೆ.

"ಇದು ಅದಕ್ಕಿಂತ ಚೆನ್ನಾಗಿ ಉರಿಯುತ್ತೆ," ಅಂದ.

ಅವನ ಕೊಳವೆ ಮೇಲಿನ ಹಲಗೆಯಲ್ಲಿದೆ. ಇಳಿಸಿ ಗುಂಡು ಉರುಳಿಸಿ ನೋಡಿದರೆ ಅರ್ಧ ನಿಮಿಷದ ಕೆಲಸ. ಉರುಳಿ ಬಂದರೆ ನನಗೆ ನಿದ್ದೆ ಬರುತ್ತದೆ. ಬರದಿದ್ದರೆ? ಅದಕ್ಕೇ ಇಳಿಸಿಲ್ಲ.

ನವೆಂಬರ್ 8, ಮಂಗಳವಾರ

ಮೊದಲ ಹಾರಾಟ. ಮಂಜು ಆಗತಾನೆ ಸರಿದಿತ್ತು, ಮೈದಾನದ ಹುಲ್ಲು ಒದ್ದೆ. ಆನ್ಸೆಲ್ಮ್ ಇನ್ನೂರು ಮೀಟರ್ ಏರಿದ. ಹನ್ನೆರಡು ನಿಮಿಷ ಸುತ್ತು ಹಾಕಿದ. ಆಮೇಲೆ ಎಂಜಿನ್ ಕೆಮ್ಮಿತು, ನಿಂತಿತು. ಅಷ್ಟು ಎತ್ತರದಲ್ಲಿ ಎಂಜಿನ್ ನಿಂತಾಗ ಎಷ್ಟು ನಿಶ್ಶಬ್ದವಾಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಗಾಳಿಯ ಮೇಲೆ ತೇಲಿಸಿಕೊಂಡು ಇಳಿಸಿದ. ಓಡಿದೆವು. ಹೋಗುವಷ್ಟರಲ್ಲಿ ಎಂಜಿನ್ ಸರಿಯಾಗಿಯೇ ಇತ್ತು, ತಿರುಗಿಸಿದರೆ ಹೊತ್ತಿಕೊಂಡಿತು.

"ಮಾವ, ನಿನ್ನ ಕೊಳವೆ ಬೆಳ್ಳಗಿತ್ತು," ಅಂದ ಆನ್ಸೆಲ್ಮ್. "ಹಿಟ್ಟು ಮೆತ್ತಿದ ಹಾಗೆ."

ಮುಟ್ಟಿ ನೋಡಿದೆ. ಬರೀ ಒದ್ದೆ.

ಯಜಮಾನರು ಸಿಟ್ಟಾದರು. "ಹಿಟ್ಟೂ ಇಲ್ಲ ಬೂದೀನೂ ಇಲ್ಲ. ಪೆಟ್ರೋಲಿನ ನಲ್ಲಿ ಪೂರ್ತಿ ತಿರುಗಿಸಿರಲ್ಲ ನೀನು. ನಿಮ್ಮ ಮಾವನ ಕೊಳವೆಗೆ ಹೆಸರು ಕೆಡಿಸಬೇಡ."

ದೂರದಲ್ಲಿ ಎಬರ್ಲೆ ನಿಂತಿದ್ದ. ನನ್ನನ್ನು ನೋಡಿದ. ಟೋಪಿ ಎಳೆದುಕೊಂಡು ಕಾರ್ಖಾನೆಯ ಕಡೆ ನಡೆದ. ಸೋತವನ ಮಾತು ಯಾರು ಕೇಳುತ್ತಾರೆ ಅಂತ ಅವನಿಗೂ ಗೊತ್ತು.

ನಲ್ಲಿಯದೇ ತಪ್ಪು ಇರಬೇಕು. ನಲ್ಲಿಯದೇ.

ನವೆಂಬರ್ 9, ಬುಧವಾರ

ಬರೆಯುವಂಥದ್ದು ಏನೂ ಇಲ್ಲ.

ನವೆಂಬರ್ 22, ಮಂಗಳವಾರ

ಮತ್ತೆ ನಿಂತಿತು. ಈ ಸಲ ಅರವತ್ತು ಮೀಟರಿನಲ್ಲಿ. ತೇಲಿಸಿಕೊಂಡು ಬರಲು ಎತ್ತರ ಸಾಲಲಿಲ್ಲ. ಮುಳ್ಳುಬೇಲಿಗೆ ಹೋಗಿ ಬಿದ್ದ.

ಕೆಳಗಿನ ಎರಡು ಹಲ್ಲು ಹೋಗಿವೆ. ತುಟಿ ಸೀಳಿದೆ. ಎಡ ಮುಂಗೈ ಉಳುಕಿದೆ.

ನಾನು ಹೋಗಿ ತಲೆ ಎತ್ತಿ ಹಿಡಿದಾಗ ಅವನು ಹೇಳಿದ್ದು, "ನಲ್ಲಿ ಪೂರ್ತಿ ತಿರುಗಿಸಿದ್ದೆ ಮಾವ. ನಿನ್ನಾಣೆ."

ನವೆಂಬರ್ 25, ಶುಕ್ರವಾರ

ಅವನಿಗೆ ರೊಟ್ಟಿ ಅಗಿಯಲಾಗದು. ಮಧ್ಯಾಹ್ನ ಅವನ ಕೋಣೆಗೆ ಹೋಗಿ ಈರುಳ್ಳಿ ಸಾರಿನಲ್ಲಿ ರೊಟ್ಟಿ ನೆನೆಸಿ ಚಮಚದಲ್ಲಿ ಕೊಟ್ಟೆ.

"ಮಾವ ಏನಾದ್ರೂ ಹೇಳು. ನೀನು ಸುಮ್ನಿದ್ರೆ ನಾನು ಸತ್ತೇ ಹೋದೆ ಅಂತ ಅನ್ಸುತ್ತೆ."

ಭಟ್ಟಿಯ ಕತ್ತಿನಲ್ಲಿ ತಲೆ ಸಿಕ್ಕಿಸಿಕೊಂಡ ಪಾದ್ರಿಯ ಕತೆ ಹೇಳಿದೆ. ಅರ್ಧಕ್ಕೆ ಮರೆತುಹೋಯಿತು. ಮೂವತ್ತು ವರ್ಷದಿಂದ ಹೇಳುತ್ತಿರುವ ಕತೆ.

"ಹದಿನಾಲ್ಕನೇ ತಾರೀಕು ಬೇರೆ ಯಾರಾದ್ರೂ ಹಾರಿಸಲಿ," ಅಂದೆ.

"ಬೇರೆ ಯಾರಿದ್ದಾರೆ? ಎರಡು ಸಲ ನಲ್ಲಿ ಮರೆತೋನು ಅಂತ ಹೆಸರು ಬಂದಿದೆ ನಂಗೆ. ಈ ಸಲ ಹಾರಿಸದೆ ಇದ್ರೆ ಹೆದರಿದ ಅಂತಾನೂ ಸೇರುತ್ತೆ." ಆಮೇಲೆ ತೊದಲುತ್ತ ನಕ್ಕ. "ಹೆದರಬೇಡ. ಕೊಳವೆ ನಿಂದು ತಾನೆ?"

ಹದಿನಾಲ್ಕಕ್ಕೆ ಕೆಳಗೆ ಮುಳ್ಳುಬೇಲಿ ಇರುವುದಿಲ್ಲ. ನದಿ ಇರುತ್ತದೆ, ಹೆಂಚಿನ ಮಾಡುಗಳು ಇರುತ್ತವೆ.

ನವೆಂಬರ್ 27, ಭಾನುವಾರ

ಅಕ್ಕನಿಗೆ ಕಾಗದ ಬರೆಯಲು ಕೂತೆ. "ಆನ್ಸೆಲ್ಮ್ ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡ" ಅಂತ ಬರೆದೆ. ಅಕ್ಷರ ಎಂದಿನ ಹಾಗೆ ಮುದ್ದಾಗಿ ಬಂತು. ಕಾಗದ ಹಾಕಲಿಲ್ಲ.

ನವೆಂಬರ್ 28, ಸೋಮವಾರ

ಊಟದ ಹೊತ್ತಿನಲ್ಲಿ ಕಮ್ಮಟದಲ್ಲಿ ಎಬರ್ಲೆಯವರೊಬ್ಬರೇ ಇದ್ದರು. ಹಲಗೆಯಿಂದ ಅವರ ಕೊಳವೆ ಇಳಿಸಿದೆ. ಒಂದು ಬಾಯಲ್ಲಿ ಗುಂಡು ಬಿಟ್ಟೆ. ನಡು ತಿರುವಿನಲ್ಲಿ ಟಪ್ಪೆಂದು ನಿಂತಿತು.

ಅವರು ಅರ ಕೆಳಗಿಟ್ಟರು. ನಾನು ಕೊಳವೆಯನ್ನು ಬೆಂಕಿಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಬಾಯಿಂದ ರಾಳ ತೊಟ್ಟಿಕ್ಕಿತು. ಆಕ್ರೋಟಿನಷ್ಟು ಗಾತ್ರದ ಉಂಡೆ ಕೆಳಗೆ ಕಟ್ಟಿತು. ಎಂಜಿನ್ನು ನುಂಗಿದ್ದು ಹೋಗಿ ಉಳಿದದ್ದು ಅಷ್ಟು.

"ಆವತ್ತೇ ವಾಸನೆ ಬಂದಿತ್ತು," ಅಂದೆ. "ಪರೀಕ್ಷೆಯ ದಿನವೇ. ಗುಂಡು ಉರುಳಿಸಿರಲಿಲ್ಲ. ಉರುಳಿಸಿದೆ ಅಂದೆ."

ಅವರು ಆ ರಾಳದ ಉಂಡೆಯನ್ನು ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದರು. ಬಯ್ಯುತ್ತಾರೆ ಅಂತ ಕಾದೆ.

"ಆರು ವಾರ ನಾನು ನನ್ನ ಗಣಿತವನ್ನೇ ಅನುಮಾನಿಸಿದೆ," ಅಂದರು. "ಮೊದಲು ಆ ಹುಡುಗನಿಗೆ ಹೇಳಿ. ಹಲ್ಲು ಹೋದದ್ದು ಅವನದು."

ನವೆಂಬರ್ 29, ಮಂಗಳವಾರ

ಹೇಳಿದೆ.

ಆನ್ಸೆಲ್ಮ್ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದ. "ಅಂದ್ರೆ, ಅವರ ಕೊಳವೆ ಸೋತಿದ್ದು ರಾಳದಿಂದ. ಅವರು ಸೋತಿದ್ದರಿಂದ ಮಂಜಿನ ಮಾತು ಯಾರೂ ಕೇಳಲಿಲ್ಲ. ನಾನು ಬೆಳ್ಳಗಿತ್ತು ಅಂದಾಗ ನಿಂಗೆ ಗೊತ್ತಿತ್ತು."

"ಅನುಮಾನ ಇತ್ತು."

"ಅಕ್ಟೋಬರಲ್ಲೇ ಹೇಳಿದ್ರೆ ನಾನು ಬಿದ್ದು ಬಿದ್ದು ನಗ್ತಿದ್ದೆ ಮಾವ. ಇನ್ನೂ ಹತ್ತು ವರ್ಷ ಆಡಿಕೋತಿದ್ದೆ. ಅಷ್ಟೇ ಆಗ್ತಿತ್ತು."

ಸಾರಿನ ಬಟ್ಟಲು ತೆಗೆದುಕೊಂಡು ತಾನೇ ಬಲಗೈಯಲ್ಲಿ ಕುಡಿದ. ಮುಗಿಸಿ, "ನೀವು ಹೊರಡಿ, ಕೆಲಸಕ್ಕೆ ತಡವಾಗುತ್ತೆ," ಅಂದ.

ಹುಟ್ಟಿದಾಗಿನಿಂದ ಅವನು ನನಗೆ ನೀವು ಅಂದವನಲ್ಲ.

ಡಿಸೆಂಬರ್ 1, ಗುರುವಾರ

ಯಜಮಾನರಿಗೆ ಎಲ್ಲ ಒಪ್ಪಿಸಿದೆ. ಬೆಂಕಿಯಾದರು. ಆದರೂ ಮತ್ತೆ ಪರೀಕ್ಷೆಗೆ ಒಪ್ಪಿದರು. ಎಬರ್ಲೆಯವರ ಕೊಳವೆ, ಈಗ ಚೊಕ್ಕಟವಾದದ್ದು: ಸಾವಿರದ ನೂರಾ ಮೂವತ್ತು ಸುತ್ತು. ನನ್ನದು: ಸಾವಿರದ ನೂರಾ ಐವತ್ತೈದು.

ಮತ್ತೆ ನನ್ನದೇ ಗೆದ್ದಿತು! ಅಂದರೆ ಆವತ್ತೂ ಗೆಲ್ಲುತ್ತಿತ್ತು. ಸುಳ್ಳು ಬೇಕೇ ಇರಲಿಲ್ಲ. ಇದು ತಿಳಿದಾಗ ಪೀಪಾಯಿಯ ಮೇಲೆ ಕೂತುಬಿಟ್ಟೆ.

"ಬಿಸಿ ಮಾಡಿದ ಗಾಳಿ ತೆಳು. ಇಪ್ಪತ್ತೈದು ಸುತ್ತು ಕಮ್ಮಿ ಆಗೇ ಆಗುತ್ತೆ," ಅಂದರು ಎಬರ್ಲೆ. "ಮೊದಲನೇ ಹಾಳೆಯಲ್ಲೇ ಬರೆದಿದ್ದೆ. ಯಾರೂ ಓದಲಿಲ್ಲ."

ಯಜಮಾನರು ನನ್ನ ಕಡೆ ತಿರುಗಿದರು. "ಮತ್ತೆ ಈ ನಾಟಕ ಎಲ್ಲ ಯಾಕಯ್ಯಾ? ಗೆದ್ದಿದೀಯ. ನಿಂದೇ ಬಿಗಿ, ಬಾಯಿ ಮುಚ್ಚು."

"ಬಿಗಿಯೋಲ್ಲ ಯಜಮಾನ್ರೇ."

"ಏನಂದೆ?"

"ಒಳಗೆ ಒಲೆ ಉರೀತಿದೆ, ಬಾಗಿಲು ಹಾಕಿದೆ, ಸಾಲದ್ದಕ್ಕೆ ನಾನು ಬೇರೆ ಕೊಳವೆ ಬೆವರು ಒರೆಸ್ತಾ ನಿಂತಿರ್ತೀನಿ. ಮೇಲೆ ಹೋದಾಗ ಒರೆಸೋಕೆ ಯಾರಿದ್ದಾರೆ? ಒಲೆ ಆರಿಸಿ, ಬಾಗಿಲು ತೆಗೆದು, ಮಂಜು ಬಿದ್ದ ದಿನ ಒಂದು ಸಲ ನೋಡಿ. ಆಮೇಲೆ ನೀವು ಹೇಳಿದ ಹಂಗೆ."

ಡಿಸೆಂಬರ್ 3, ಶನಿವಾರ

ಬೆಳಿಗ್ಗೆ ನದಿಯೇ ಕಾಣದಷ್ಟು ಮಂಜು. ಎರಡೂ ಬಾಗಿಲು ತೆಗೆದೆವು. ಒಲೆಗೆ ನಾನೇ ನೀರು ಹೊಯ್ದೆ. ಆನ್ಸೆಲ್ಮ್ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಗೋಡೆಗೊರಗಿ ನಿಂತ.

ನನ್ನ ಕೊಳವೆ. ಮೊದಲ ನಾಲ್ಕು ನಿಮಿಷ ಬೆವರಿತು. ತೋಳು ತಾನಾಗಿ ಎದ್ದಿತು. "ಮುಟ್ಟಬೇಡಿ," ಅಂದರು ಎಬರ್ಲೆ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಏಳನೆಯ ನಿಮಿಷಕ್ಕೆ ಕಾರ್ಬುರೇಟರಿನ ಮೇಲೆ ಬೆಳ್ಳಗೆ ಒಂದು ಉಂಗುರ. ಒಂಬತ್ತಕ್ಕೆ ಅದು ಹಂಸದ ಕತ್ತನ್ನು ಹತ್ತುತ್ತಾ ಬಂತು. ಸುತ್ತು ಸಾವಿರಕ್ಕೆ ಇಳಿಯಿತು, ಒಂಬೈನೂರು, ಏಳುನೂರು. ಹದಿನಾಲ್ಕನೆಯ ನಿಮಿಷಕ್ಕೆ ಕೆಮ್ಮಿ ನಿಂತಿತು. ಯಜಮಾನರು ಉಗುರಿನಲ್ಲಿ ಕೆರೆದು ಬೆರಳು ನೋಡಿಕೊಂಡರು.

"ಹಿಟ್ಟು," ಅಂದ ಆನ್ಸೆಲ್ಮ್. ಯಾರ ಕಡೆಯೂ ನೋಡಲಿಲ್ಲ.

ಎಬರ್ಲೆಯವರ ಕೊಳವೆ ನಲವತ್ತು ನಿಮಿಷ ಓಡಿತು. ಸಾವಿರದ ನೂರಾ ಮೂವತ್ತು. ಮೊದಲಿಂದ ಕೊನೆಯವರೆಗೆ ಅಷ್ಟೇ.

ಯಜಮಾನರು ನನ್ನನ್ನು ಅಂಗಳಕ್ಕೆ ಕರೆದರು. "ಕೊಳವೆ ಸೋತದ್ದಕ್ಕಲ್ಲ ಕೊಜೋಲ್. ಕೊಳವೆ ಎಲ್ಲರದೂ ಸೋಲುತ್ತೆ. ಉರುಳಿಸಿದೆ ಅಂತ ಹೇಳಿದೆಯಲ್ಲ, ಅದಕ್ಕೆ. ಸೋಮವಾರದಿಂದ ಬರಬೇಡ."

ಎಬರ್ಲೆಯವರು ಬಾಗಿಲಲ್ಲೇ ಇದ್ದರು. ನನ್ನ ಪರವಾಗಿ ಒಂದು ಮಾತು ಆಡಬಹುದು ಅಂತ ಒಂದು ಗಳಿಗೆ ಆಸೆಯಾಯಿತು. ಮರುಗಳಿಗೆ ಅವರ ಕೈಯ ಬೊಕ್ಕೆಗಳು ಕಂಡವು. ಸುತ್ತಿಗೆಗಳನ್ನು ಕಟ್ಟಿಕೊಂಡು ಬಂದೆ.

ಡಿಸೆಂಬರ್ 10, ಶನಿವಾರ

ಪಕ್ಕದ ಊರು ಪ್ಯುಟೋದಲ್ಲಿ ಒಬ್ಬ ಪಾತ್ರೆ ಅಂಗಡಿಯವನ ಹತ್ತಿರ ಕಲಾಯಿ ಹಾಕುತ್ತಿದ್ದೇನೆ. ಬಾಣಲೆ, ಹಂಡೆ. ಅಂಗಡಿಯವನು ಹಿಂದೆ ಎಲ್ಲಿದ್ದೆ ಅಂತ ಕೇಳಿದ. ಒಂದು ಕಾರ್ಖಾನೆ ಅಂದೆ.

ಅಕ್ಕನಿಗೆ ನಿಜ ಬರೆದು ಹಾಕಿದೆ. ಎಂಟೇ ಸಾಲು. ಉತ್ತರ ಬಂದಿಲ್ಲ.

ಡಿಸೆಂಬರ್ 14, ಬುಧವಾರ

ಅರ್ಧ ದಿನ ರಜೆ ಕೇಳಿದೆ. ಮೈದಾನಕ್ಕೆ ಹೋಗುವ ಮುಖ ನನಗಿಲ್ಲ. ಈಚೆ ದಡದಲ್ಲಿ ದೋಣಿ ಎಳೆಯುವ ದಾರಿಯ ಮೇಲೆ ನಿಂತೆ. ತೆಳ್ಳಗೆ ಮಂಜು, ಕೊರೆಯುವ ತಂಡಿ. ಬಟ್ಟೆ ಒಗೆಯುವ ಹೆಂಗಸೊಬ್ಬಳು ಕೈಗಾಡಿ ನಿಲ್ಲಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು.

ಹತ್ತೂಕಾಲಿಗೆ ಸದ್ದು ಕೇಳಿತು. ಮರಗಳ ಮೇಲಿಂದ ಬಂದು ನದಿಯ ಮೇಲಕ್ಕೆ ತಿರುಗಿತು. ಮುನ್ನೂರು ಮೀಟರ್ ಇರಬೇಕು.

"ಅಯ್ಯಯ್ಯೋ, ಅದರೊಳಗೆ ಮನುಷ್ಯ ಇದಾನಾ?" ಅಂದಳು.

"ಇದಾನೆ."

"ನಿಮ್ಮೋರಾ? ಹಿಂಗೆ ಬಿಳಿಚಿಕೊಂಡು ನಿಂತಿದೀರಿ ಅಂತ ಕೇಳ್ದೆ."

"ನನ್ನ ಅಕ್ಕನ ಮಗ."

"ನೀವೂ ಅದೇ ಕೆಲಸದೋರಾ ಮತ್ತೆ? ಅದನ್ನ ಮಾಡೋರು?"

"ಇಲ್ಲಮ್ಮ. ನಾನು ಪಾತ್ರೆಗೆ ಕಲಾಯಿ ಹಾಕೋನು."

ಹನ್ನೆರಡು ನಿಮಿಷ ಆಯಿತು. ಹದಿನಾಲ್ಕು ಆಯಿತು. ಸದ್ದು ಕಡಿಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೆಂಗಸು, "ನಂಗೆ ಹೊತ್ತಾಯ್ತು, ದೇವರು ಅವನ್ನ ಚೆನ್ನಾಗಿಟ್ಟಿರಲಿ," ಅಂತ ಗಾಡಿ ತಳ್ಳಿಕೊಂಡು ಹೋದಳು. ಚೆನ್ನಾಗಿಯೇ ಇಟ್ಟ. ಇಪ್ಪತ್ತಾರನೆಯ ನಿಮಿಷಕ್ಕೆ ವಿಮಾನ ಮೈದಾನದ ಕಡೆ ತಿರುಗಿ ಮರಗಳ ಹಿಂದೆ ಇಳಿಯಿತು. ಆಚೆ ದಡದಿಂದ ಜನ ಕೂಗುವುದು ಕೇಳಿಸಿತು, ಯಾರ ಹೆಸರನ್ನೋ. ಇಷ್ಟು ದೂರಕ್ಕೆ ಯಾವ ಹೆಸರು ಅಂತ ತಿಳಿಯಲಿಲ್ಲ. ಅಲ್ಲೇ ಒಂದಷ್ಟು ಹೊತ್ತು ನಿಂತಿದ್ದು ಅಂಗಡಿಗೆ ಬಂದೆ. ಹೋಟೆಲಿನವರ ಆರು ಹಂಡೆ ಸಂಜೆಯೊಳಗೆ ಕೊಡಬೇಕಿತ್ತು, ಕೊಟ್ಟೆ.